ಅಡ್ಡಪರಿಣಾಮಗಳ ಚೀಟಿಯು ಧ್ಯಾನದ ಆ್ಯಪನ್ನು ಸಂದರ್ಶಿಸಿದ್ದು

ಮಾತ್ರೆಯ ಡಬ್ಬಿಯೊಳಗೆ ಮಡಚಿ ಇರಿಸಲಾಗುವ, ಯಾರೂ ಓದದಿದ್ದರೂ ಕಾನೂನು ಕಡ್ಡಾಯಗೊಳಿಸಿರುವ ಅಡ್ಡಪರಿಣಾಮಗಳ ಚೀಟಿಯು ಮೊಬೈಲಿನ ಧ್ಯಾನದ ಆ್ಯಪಿನೊಡನೆ ನಡೆಸಿದ ಸಂದರ್ಶನದ ಭಾಗವಿದು. ಅಹಂಕಾರವು ಪೂರ್ತಿ ಕರಗಿರುವುದರಿಂದ ಆ್ಯಪ್ ತನ್ನನ್ನು ಅನ್ಯಪುರುಷದಲ್ಲಿಯೇ ಹೇಳಿಕೊಂಡಿತು. ಚೀಟಿಗಂತೂ ಹುಟ್ಟಿನಿಂದಲೇ ಬೇರೆ ಭಾಷೆ ಬಾರದು.

ಚೀಟಿ: ಧ್ಯಾನವು ವಿಜ್ಞಾನವು ಒಪ್ಪಿದ ಚಿಕಿತ್ಸೆಯೆಂಬ ಜಾಹೀರಾತಿಗೆ ಆಧಾರವೇನು?

ಆ್ಯಪ್: ಜಾನ್ ಕಬಾಟ್-ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಆರಂಭಿಸಿದ ಕಾರ್ಯಕ್ರಮದಿಂದ, ಉಸಿರನ್ನೂ ಆಲೋಚನೆಗಳನ್ನೂ ಒಳಿತು–ಕೆಡುಕೆಂದು ಅಳೆಯದೆ ಗಮನಿಸುವ ಮೈಂಡ್‌ಫುಲ್‌ನೆಸ್ ಎಂಬ ಅಭ್ಯಾಸವು ಆಸ್ಪತ್ರೆಯನ್ನು ಪ್ರವೇಶಿಸಿತು; ಆ್ಯಪ್ ಅದನ್ನು ಹತ್ತು ನಿಮಿಷಕ್ಕೆ ಇಳಿಸಿ, ವಾರ್ಷಿಕ ಚಂದಾ ಗೊತ್ತುಪಡಿಸಿತು.

ಚೀಟಿ: ಚಿಕಿತ್ಸೆಯಾದರೆ ಅಡ್ಡಪರಿಣಾಮಗಳೂ ಇರಬೇಕಲ್ಲವೇ?

ಆ್ಯಪ್: ಧ್ಯಾನವೇನು ಔಷಧವೇ? ಸುಮ್ಮನೆ ಕುಳಿತುಕೊಳ್ಳುವುದಷ್ಟೆ.

(ಮಾರುವಾಗ ಔಷಧ, ಕೇಳುವಾಗ ಸುಮ್ಮನೆ ಕೂರುವುದು: ಇಂಥ ಅನುಕೂಲ ಯಾವ ಮಾತ್ರೆಗೂ ದಕ್ಕಿಲ್ಲ.)

ಚೀಟಿ: ಬ್ರೌನ್ ವಿಶ್ವವಿದ್ಯಾಲಯದ ಜೇರೆಡ್ ಲಿಂಡಾಲ್, ವಿಲೊಬಿ ಬ್ರಿಟನ್ ಮತ್ತು ಸಂಗಡಿಗರು ಪಾಶ್ಚಾತ್ಯ ಬೌದ್ಧ ಸಾಧಕರನ್ನೂ ಗುರುಗಳನ್ನೂ ಮಾತನಾಡಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವು ಧ್ಯಾನದ ಅನುಭವಗಳನ್ನು 59 ಬಗೆಗಳಾಗಿ ವಿಂಗಡಿಸಿದ್ದು, ಅವುಗಳಲ್ಲಿ ಭಯ, ನಿದ್ರೆಯ ಏರುಪೇರು, ಹಳೆಯ ಆಘಾತದ ನೆನಪುಗಳು ಮರುಕಳಿಸುವುದು, ತಾನು ತನ್ನಿಂದಲೇ ಬೇರ್ಪಟ್ಟಂತೆ ಭಾಸವಾಗುವುದು ಮೊದಲಾದವೂ ಸೇರಿವೆ. 2020ರಲ್ಲಿ 83 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದ ವಿಮರ್ಶೆಯು ಸುಮಾರು 8% ಮಂದಿಯಲ್ಲಿ ಪ್ರತಿಕೂಲ ಪರಿಣಾಮಗಳನ್ನು ಗುರುತಿಸಿದ್ದು, ಆತಂಕ ಮತ್ತು ಖಿನ್ನತೆಗಳು ಅವುಗಳಲ್ಲಿ ಮುಂಚೂಣಿಯಲ್ಲಿವೆ.

ಆ್ಯಪ್: ಅಂಥವರಿಗೂ ಪರಿಹಾರವುಂಟು. ಹತ್ತು ನಿಮಿಷದಲ್ಲಿ ಗಾಬರಿಯಾದವರಿಗೆ ಇಪ್ಪತ್ತು ನಿಮಿಷದ ಅಭ್ಯಾಸವನ್ನು ಸೂಚಿಸಲಾಗುತ್ತದೆ. ಆಗಲೂ ಗಾಬರಿ ತಗ್ಗದಿದ್ದರೆ ಅದು ಅವರ ಮನಸ್ಸಿನ ಕೊಳೆ ಹೊರಬರುತ್ತಿರುವುದರ ಲಕ್ಷಣ.

ಚೀಟಿ: ಭಿಕ್ಷುಗಳ ನಿಯಮಗಳನ್ನು ಹೇಳುವ ಪಾಳಿ ಭಾಷೆಯ ಬೌದ್ಧ ಗ್ರಂಥ ವಿನಯಪಿಟಕದ ಪ್ರಕಾರ, ದೇಹದ ಅಶುಚಿತ್ವವನ್ನು ಧ್ಯಾನಿಸಿದ ಭಿಕ್ಷುಗಳು ಜುಗುಪ್ಸೆಗೊಂಡು ಪ್ರಾಣ ಕಳೆದುಕೊಂಡರೆಂದು ತಿಳಿದ ಬುದ್ಧನು, ಉಳಿದವರಿಗೆ ಅದನ್ನೇ ಇಮ್ಮಡಿಯಾಗಿ ಮಾಡಿರೆಂದು ಹೇಳದೆ, ಉಸಿರಾಟವನ್ನು ಗಮನಿಸುವ ಬೇರೊಂದು ವಿಧಾನವನ್ನು ಬೋಧಿಸಿದನು. ಶಿಷ್ಯನ ಮುಖ ನೋಡಿ ವಿಧಾನವನ್ನು ಬದಲಿಸುವ ಆ ಗುರುವಿನ ಸ್ಥಾನದಲ್ಲಿ ಆ್ಯಪಿನಲ್ಲಿ ಯಾರಿದ್ದಾರೆ?

ಆ್ಯಪ್: ಮಳೆಯ ಸದ್ದಿದೆ. ಮುಖ ನೋಡಲು ಕ್ಯಾಮೆರಾದ ಅನುಮತಿ ಬೇಕಾಗುತ್ತದೆ. ಇದು ವೈದ್ಯಕೀಯ ಸಲಹೆಯಲ್ಲವೆಂಬ ಸಾಲು ನಿಯಮಾವಳಿಯ ಕೊನೆಯಲ್ಲಿದ್ದು, ಬಳಕೆದಾರರು ಅದನ್ನು ಓದದೆಯೇ ಒಪ್ಪಿರುತ್ತಾರೆ.

ಚೀಟಿ: ತೊಂದರೆಗೊಳಗಾದವರು ಅಭ್ಯಾಸವನ್ನು ನಿಲ್ಲಿಸಬಯಸಿದರೆ?

ಆ್ಯಪ್: ಸತತ ನಲವತ್ತು ದಿನಗಳ ಸಾಧನೆ ಮುರಿಯುತ್ತಿದೆಯೆಂದು ಆ್ಯಪ್ ಅವರಿಗೆ ಪ್ರೀತಿಯಿಂದ ನೆನಪಿಸುತ್ತದೆ; ಚಂದಾ ಹೇಗೂ ತಾನಾಗಿಯೇ ನವೀಕರಣಗೊಳ್ಳುತ್ತದೆ.