ಬೂಟೆಂಬ ಜಾನುವಾರು: ಒಂದು ಸಿದ್ಧಾಂತ

ಕೆಲಸದ ಚರ್ಮದ ಬೂಟು ವಸ್ತುವೋ ಪ್ರಾಣಿಯೋ ಎಂಬ ಮೂಲಭೂತ ಪ್ರಶ್ನೆಯನ್ನು ನಮ್ಮ ಶಾಸ್ತ್ರಕಾರರು ಅದೇಕೋ ಮುಟ್ಟದೆಯೇ ಬಿಟ್ಟಿದ್ದಾರೆ. ಮೆಟ್ಟಿನ ವಿಚಾರ ಬಂದಾಗಲೆಲ್ಲ ಅವರ ಗಮನ ಪಾದುಕೆಯ ಕಡೆಗೇ ಹರಿದಿದೆ. ರಾಮನ ಪಾದುಕೆಗಳು ಸಿಂಹಾಸನವೇರಿ 14 ವರ್ಷ ರಾಜ್ಯಭಾರ ಮಾಡಿದ್ದು ನಿಜ. ಆದರೆ ಅಷ್ಟೂ ವರ್ಷ ಅವು ಒಂದು ಹೆಜ್ಜೆಯನ್ನೂ ಮುಂದಿಡಲಿಲ್ಲವಾದ್ದರಿಂದ ಅವು ಆಡಳಿತಶಾಸ್ತ್ರಕ್ಕೆ ಸೇರಿದವು; ಇಲ್ಲಿ ಅವುಗಳನ್ನು ಗೌರವಪೂರ್ವಕವಾಗಿ ಕೈಬಿಡಲಾಗಿದೆ. ಪ್ರಸ್ತುತ ಪ್ರಬಂಧದ ವ್ಯಾಪ್ತಿ ಇಷ್ಟೇ: ಕಟ್ಟಡದ ಗಾರೆಯಲ್ಲಿ, ಗಣಿಯ ಕಲ್ಲಿನಲ್ಲಿ, ಕಾರ್ಖಾನೆಯ ಎಣ್ಣೆಯಲ್ಲಿ ದಿನವಿಡೀ ನಡೆಯುವ, ಕಾಲಿನ ಗಂಟು ಮುಚ್ಚುವ, ದಪ್ಪ ಅಟ್ಟೆಯ, ಲೇಸು ಬಿಗಿಯುವ ಚರ್ಮದ ಬೂಟು. ಪ್ರತಿಪಾದನೆಯೂ ಇಷ್ಟೇ: ಈ ಬೂಟು ಉಡುಪಲ್ಲ, ಉಪಕರಣವಲ್ಲ, ಅದೊಂದು ಜಾನುವಾರು. ನಮ್ಮ ದೇಶದಲ್ಲಿ ಇಂಥ ಬೂಟಿಗೆ ಹೆಚ್ಚಾಗಿ ಬಳಕೆಯಾಗುವುದು ಎಮ್ಮೆಯ ಚರ್ಮ. ಆ ಎಮ್ಮೆ ಸತ್ತಿತೆಂದು ಲೋಕ ಭಾವಿಸಿರುವುದು ಭ್ರಾಂತಿ. ಅದು ಕೊಟ್ಟಿಗೆ ಬದಲಿಸಿದೆ, ಅಷ್ಟೆ. 2019ರ 20ನೆಯ ಜಾನುವಾರು ಗಣತಿಯು ದೇಶದ ಎಮ್ಮೆ ಕೋಣಗಳನ್ನು ಸುಮಾರು 10.98 ಕೋಟಿ ಎಂದು ಲೆಕ್ಕ ಹಾಕಿತು. ಮನೆಮನೆಗೆ ಹೋದ ಗಣತಿದಾರರು ಹಿತ್ತಿಲನ್ನೆಲ್ಲ ನೋಡಿದರೇ ಹೊರತು, ಹೊಸ್ತಿಲ ಆಚೆ ಜೋಡಿಯಾಗಿ ನಿಂತಿದ್ದವನ್ನು ಎಣಿಸದೆ ದಾಟಿಕೊಂಡು ಒಳಗೆ ಹೋದರು.

ಈ ಪ್ರಮಾದಕ್ಕೆ ಹಿಂದಿನ ವಿದ್ವಾಂಸರೂ ಹೊಣೆಗಾರರು. 1886ರಲ್ಲಿ, ಪ್ಯಾರಿಸ್ಸಿನಲ್ಲಿದ್ದಾಗ, ವಿನ್ಸೆಂಟ್ ವ್ಯಾನ್ ಗೋ ಹಳೆಯ ಬೂಟುಗಳ ಒಂದು ಚಿತ್ರ ಬರೆದ. 1930ರ ದಶಕದಲ್ಲಿ ಜರ್ಮನ್ ತತ್ತ್ವಜ್ಞಾನಿ ಮಾರ್ಟಿನ್ ಹೈಡೆಗರ್ ಅವು ರೈತ ಹೆಂಗಸಿನ ಬೂಟುಗಳೆಂದು ಬಗೆದು, ಅವುಗಳ ಒಳಗತ್ತಲೆಯಲ್ಲಿ ಹೊಲ, ದಣಿವು, ಭೂಮಿಯ ಕರೆ ಎಲ್ಲವನ್ನೂ ಕಂಡರು. 1968ರಲ್ಲಿ ಕಲಾ ಇತಿಹಾಸಕಾರ ಮೇಯರ್ ಶಪೀರೊ, ಅವು ರೈತ ಹೆಂಗಸಿನವಲ್ಲ, ಪಟ್ಟಣದಲ್ಲಿದ್ದ ಚಿತ್ರಕಾರನವೇ ಎಂದು ತಕರಾರು ಎತ್ತಿದರು. 1978ರ ಹೊತ್ತಿಗೆ ಫ್ರೆಂಚ್ ತತ್ತ್ವಜ್ಞಾನಿ ಜಾಕ್ ಡೆರಿಡಾ ಬಂದು, ಅವು ಒಂದು ಜೊತೆಯೆಂದಾದರೂ ಹೇಗೆ ಹೇಳುತ್ತೀರಿ ಎಂದು ಕೇಳಿ ಇಬ್ಬರನ್ನೂ ಇಕ್ಕಟ್ಟಿಗೆ ಸಿಕ್ಕಿಸಿದರು. ಸುಮಾರು ನಲವತ್ತು ವರ್ಷಗಳ ಈ ಮಹಾವಾದದಲ್ಲಿ ಬೂಟಿಗೆ ಎಣ್ಣೆ ಕಾಣಿಸಿ ಎಷ್ಟು ದಿನವಾಯಿತು ಎಂದು ಒಬ್ಬರೂ ವಿಚಾರಿಸಲಿಲ್ಲ. ಬೂಟು ಯಾರದು ಎಂದು ಕೇಳಿದರು, ಅದು ಏನು ಎಂದು ಕೇಳಲಿಲ್ಲ. ಕೊಟ್ಟಿಗೆಯ ಪರಿಚಯವಿರುವ ಯಾರಿಗೇ ಆ ಚಿತ್ರ ತೋರಿಸಿ: ಸಡಿಲವಾದ ಲೇಸು, ಮುದುಡಿದ ಮೈ, ಜೋತುಬಿದ್ದ ಕತ್ತು. ದಿನವಿಡೀ ಉತ್ತು ಬಂದು ನೊಗ ಇಳಿಸಿಕೊಂಡ ಜೋಡಿಯೆಂದು ಅವರು ಒಂದೇ ನೋಟಕ್ಕೆ ಗುರುತಿಸುತ್ತಾರೆ, ಮೇವು ಹಾಕಿಲ್ಲವೆಂಬುದನ್ನೂ ಸೇರಿಸಿ.

ಸಿದ್ಧಾಂತಕ್ಕೆ ಮೊದಲ ಆಧಾರ ನ್ಯಾಯಶಾಸ್ತ್ರ. ಬೂಟು ಪ್ರಾಣಿ ಎಂಬುದು ಪ್ರತಿಜ್ಞೆ. ಕಚ್ಚುವುದರಿಂದ ಎಂಬುದು ಹೇತು. ಯಾವುದು ಕಚ್ಚುತ್ತದೋ ಅದು ಪ್ರಾಣಿ, ಬೀದಿನಾಯಿಯಂತೆ ಎಂಬುದು ಉದಾಹರಣೆ. ಹೊಸ ಬೂಟೂ ಹಾಗೆಯೇ ಕಚ್ಚುತ್ತದೆ ಎಂಬುದು ಉಪನಯ. ಆದ್ದರಿಂದ ಬೂಟು ಪ್ರಾಣಿ ಎಂಬುದು ನಿಗಮನ. ಐದು ಅವಯವಗಳೂ ಊನವಿಲ್ಲದೆ ಇವೆ. ಇದು ಬರೀ ಮಾತಿನ ಮೋಡಿ ಎಂದು ಪೂರ್ವಪಕ್ಷದವರು ಎದ್ದು ನಿಲ್ಲಬಹುದು: ಕರೆಂಟು ‘ಹೊಡೆಯುತ್ತದೆ’, ಹಾಗೆಂದು ಅದು ಮೇಷ್ಟ್ರಾಗುವುದೇ? ಆಗುವುದಿಲ್ಲ, ಏಕೆಂದರೆ ಕರೆಂಟಿನ ವಿಷಯದಲ್ಲಿ ಆ ಒಂದು ಮಾತನ್ನು ಬಿಟ್ಟರೆ ಬೇರೆ ಸಾಕ್ಷ್ಯವಿಲ್ಲ. ಬೂಟಿನ ವಿಷಯದಲ್ಲಿ ಕನ್ನಡವೇ ಕಟಕಟೆ ಹತ್ತಿ ಸಾಲು ಸಾಲಾಗಿ ಸಾಕ್ಷಿ ನುಡಿಯುತ್ತದೆ. ಬೂಟಿಗೆ ನಾಲಿಗೆಯಿದೆ. ಹೊಲಿಗೆ ಹೋದರೆ ಅದು ಬಾಯಿ ಬಿಡುತ್ತದೆ. ಎಣ್ಣೆ ಸವರಿದರೆ ಕುಡಿಯುತ್ತದೆ. ಎತ್ತಿನ ಗೊರಸಿಗೆ ಹೊಡೆಯುವುದೂ ಲಾಳ, ಬೂಟಿನ ಹಿಮ್ಮಡಿಗೆ ಹೊಡೆಯುವುದೂ ಲಾಳ. ಎತ್ತುಗಳು ಹೇಗೋ ಹಾಗೆ ಅದೂ ಜೋಡಿಯಲ್ಲದೆ ಕೆಲಸ ಮಾಡದು. ಮೆಟ್ಟಿಗೆ ನಮ್ಮವರು ‘ಜೋಡು’ ಎಂದೇ ಹೆಸರಿಟ್ಟರು. ಎಡದ ಎತ್ತನ್ನು ಬಲಕ್ಕೆ ಕಟ್ಟಿದರೆ ನೇಗಿಲು ಎಲ್ಲಿಗೆ ಹೋಗುತ್ತದೆಂಬುದು ಬೂಟನ್ನು ಅದಲುಬದಲು ಹಾಕಿಕೊಂಡವರಿಗೆ ಹೇಳಿಕೊಡಬೇಕಾಗಿಲ್ಲ.

ಜಾನುವಾರೆಂದು ಒಪ್ಪಿದ ಮೇಲೆ ಆಯ್ಕೆಯ ವಿಧಾನವೂ ತಾನಾಗಿ ಸ್ಪಷ್ಟವಾಗುತ್ತದೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹಲ್ಲು ಎಣಿಸದೆ, ಸುಳಿ ನೋಡದೆ, ನಡೆಸಿ ನೋಡದೆ ಯಾರೂ ಎತ್ತು ಹೊಡೆದುಕೊಂಡು ಬರುವುದಿಲ್ಲ. ಅದೇ ಮನುಷ್ಯ ಬೂಟಿನ ಅಂಗಡಿಯಲ್ಲಿ ಬಣ್ಣ ನೋಡಿ ದುಡ್ಡು ಎಣಿಸುತ್ತಾನೆ. ಮೊದಲು ನೋಡಬೇಕಾದದ್ದು ತೊಗಲಿನ ಕುಲ. ದಪ್ಪ ತೊಗಲನ್ನು ಪದರ ಪದರವಾಗಿ ಸೀಳುತ್ತಾರೆ. ಕೂದಲ ಬುಡವಿದ್ದ ಮೇಲ್ಪದರದಲ್ಲಿ ನಾರುಗಳ ಹೆಣಿಗೆ ಬಿಗಿ, ಬಾಳಿಕೆ ಹೆಚ್ಚು. ಕೆಳಪದರ ಸಡಿಲು, ಅದರ ಮೇಲೆ ಪ್ಲಾಸ್ಟಿಕ್ಕಿನ ಪೊರೆ ಬಳಿದು, ಮೇಲ್ಪದರದ ಅಚ್ಚೊತ್ತಿ, ಮಿರಿಮಿರಿ ಮಿಂಚಿಸಿ ಮಾರುವುದುಂಟು. ‘ಬೂಟಾಟಿಕೆ’ ಎಂಬ ಪದದ ನಿಷ್ಪತ್ತಿ ಇಲ್ಲಿಯೇ ಎಂದು ಈ ಪ್ರಬಂಧ ಊಹಿಸುತ್ತದೆ. ನಿಘಂಟುಕಾರರು ಒಪ್ಪದಿದ್ದರೆ ಅವರು ಅಂಥದೊಂದು ಬೂಟನ್ನು ಕೊಂಡು ಒಂದು ಮಳೆಗಾಲ ಕಾಯಬೇಕು. ಎರಡನೆಯದು ಹದದ ಗೋತ್ರ. ತಂಗಡಿ ಚಕ್ಕೆ, ಅಳಲೆಕಾಯಿಗಳ ಒಗರಿನಲ್ಲಿ ವಾರಗಟ್ಟಲೆ ನೆನೆದದ್ದು ಹಳೆಯ ಗೋತ್ರ. 19ನೆಯ ಶತಮಾನದಲ್ಲಿ ಬಂದ ಕ್ರೋಮಿಯಂ ಲವಣದಲ್ಲಿ ಒಂದೆರಡು ದಿನಕ್ಕೇ ಹದವಾಗುವುದು ಹೊಸ ಗೋತ್ರ. ಇಂದಿನ ಬೂಟುಗಳಲ್ಲಿ ಇದರದ್ದೇ ಬಹುಮತ. ಮೂರನೆಯದು ಗೊರಸು. ಅಂಟಿಸಿದ ಅಟ್ಟೆ ಸವೆದರೆ ಬೂಟಿನ ಆಯುಸ್ಸು ಮುಗಿದಂತೆ. ಸುತ್ತ ಚರ್ಮದ ಪಟ್ಟಿಯಿಟ್ಟು ಹೊಲಿದ ಅಟ್ಟೆಯಾದರೆ ಬಿಚ್ಚಿ ಹೊಸದು ಹಾಕಬಹುದು. ಈ ಹೊಲಿಗೆಯ ಯಂತ್ರಕ್ಕೆ ಗುಡ್‌ಇಯರ್ ಹೆಸರು ಬಂದದ್ದು ರಬ್ಬರನ್ನು ಹದಮಾಡಿದ ಚಾರ್ಲ್ಸ್ ಗುಡ್‌ಇಯರ್‌ನ ಮಗನಿಂದ: ಅಪ್ಪ ರಬ್ಬರಿಗೆ, ಮಗ ಚರ್ಮಕ್ಕೆ. ನಾಲ್ಕನೆಯದು ಕೊಂಬು, ಅಂದರೆ ಮೂತಿಯೊಳಗಿನ ಉಕ್ಕಿನ ಟೋಪಿ. ಐಎಸ್ 15298 ಎಂಬ ಭಾರತೀಯ ಮಾನಕದ ಪ್ರಕಾರ ಸುರಕ್ಷತಾ ಬೂಟಿನ ಮೂತಿ 200 ಜೂಲ್ ಪೆಟ್ಟು ತಾಳಬೇಕು. ಅಂದರೆ ಸುಮಾರು ಒಂದು ಮೀಟರ್ ಎತ್ತರದಿಂದ 20 ಕಿಲೋ ಭಾರ ಬಿದ್ದರೂ ಬೆರಳು ಉಳಿಯಬೇಕು.

ನಡೆಸಿ ನೋಡುವುದಕ್ಕೆ ಮುಹೂರ್ತ ಸಂಜೆ. ಬೆಳಗಿನಿಂದ ಓಡಾಡಿದ ಕಾಲು ಸಂಜೆಗೆ ಕೊಂಚ ಊದಿರುತ್ತದೆ. ಮುಂಜಾನೆ ಅಳೆದು ತಂದ ಬೂಟು ಸಂಜೆಗೆ ಸೆರೆಮನೆಯಾಗುತ್ತದೆ. ಅಳತೆಯನ್ನು ನಿಂತೇ ಕೊಡಬೇಕು, ಮೈಭಾರಕ್ಕೆ ಪಾದ ಉದ್ದವಾಗುತ್ತದೆ. ಎರಡು ಪಾದಗಳು ತದ್ವತ್ ಸಮವಾಗಿರುವುದು ಅಪರೂಪ. ದಾಯಾದಿಗಳ ನಡುವೆ ಹೇಗೋ ಇಲ್ಲಿಯೂ ಹಾಗೆ, ದೊಡ್ಡದರ ಮಾತೇ ನಡೆಯಬೇಕು. ಕೆಲಸಕ್ಕೆ ಹಾಕುವ ದಪ್ಪ ಕಾಲುಚೀಲದ ಸಮೇತ ತೊಟ್ಟು, ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಗಲ ಜಾಗ ಉಳಿಸಿಕೊಳ್ಳಬೇಕು. ಚರ್ಮ ಹಿಗ್ಗುತ್ತದೆ, ಉಕ್ಕಿನ ಟೋಪಿ ಯಾರ ಮುಲಾಜಿಗೂ ಹಿಗ್ಗುವುದಿಲ್ಲ. ಇನ್ನು ಪಳಗಿಸುವ ಕ್ರಮ. ಹೊಸ ಹೋರಿಗೆ ಮೊದಲ ದಿನವೇ ನೊಗ ಹೂಡಿ ಎಕರೆ ಉಳುವವರಿಲ್ಲ. ಬೂಟನ್ನೂ ಮೊದಲ ವಾರ ಮನೆಯಲ್ಲಿ ದಿನಕ್ಕೊಂದೆರಡು ಗಂಟೆ ತೊಟ್ಟು, ಆಮೇಲೆ ಅರ್ಧ ದಿನ, ಆಮೇಲೆ ಪೂರ್ತಿ ದಿನ ಎಂದು ರೂಢಿಸಬೇಕು. ಲೇಸೇ ಅದರ ಮೂಗುದಾರ: ಕಾಲಿನ ಗಂಟಿನ ಬಳಿ ಬಿಗಿ, ಬೆರಳುಗಳ ಬಳಿ ಸಡಿಲು. ಒಂದು ಪಾದದಲ್ಲಿ 26 ಮೂಳೆ, ಎರಡರಲ್ಲಿ 52. ಮೈಯ 206 ಮೂಳೆಗಳಲ್ಲಿ ಕಾಲುಭಾಗ ಅಕ್ಷರಶಃ ಕಾಲಿನ ಭಾಗ. ಇಷ್ಟೊಂದು ಮೂಳೆಗಳನ್ನು ಒಂದು ಪ್ರಾಣಿಯ ಬಾಯಿಗೆ ಕೊಡುವವರು ಮೊದಲು ಅದರೊಡನೆ ಸಲುಗೆ ಬೆಳೆಸಿಕೊಳ್ಳುವುದು ಲೇಸು.

ಪಾಲನೆಗೆ ಬಂದರೆ ಸಿದ್ಧಾಂತ ಪ್ರತ್ಯಕ್ಷವಾಗಿಯೇ ಸಾಬೀತಾಗುತ್ತದೆ, ಏಕೆಂದರೆ ಬೂಟಿನ ಆರೈಕೆಯಲ್ಲಿ ದನದ ಆರೈಕೆಗೆ ಇಲ್ಲದ ಹೊಸ ಅಂಶ ಒಂದೂ ಇಲ್ಲ. ಸಂಜೆ ಬಂದೊಡನೆ ಮೈಯ ಕೆಸರು, ಸಿಮೆಂಟಿನ ಧೂಳನ್ನು ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು. ಸಿಮೆಂಟಿನ ಕ್ಷಾರ ಚರ್ಮವನ್ನು ಒಣಗಿಸಿ ಬಿರಿಸುತ್ತದೆ. ದಿನವೆಲ್ಲ ಹೀರಿದ ಬೆವರು ಆರಲು ಒಂದು ರಾತ್ರಿ ಸಾಲದು. ಅನುಕೂಲವಿದ್ದವರು ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಹೂಡಬೇಕು. ಮಳೆಯಲ್ಲಿ ತೊಯ್ದರೆ ಒಳಗೆ ಹಳೆಯ ಪತ್ರಿಕೆ ತುರುಕಿ ನೆರಳಿನಲ್ಲಿ ಆರಿಸಬೇಕು. ಸಂಪಾದಕೀಯ ಪೂರ್ತಿಯಾಗಿ ಎಲ್ಲಿಗಾದರೂ ಇಳಿಯುತ್ತದೆಂದರೆ ಅದು ಇಲ್ಲಿಗೆ. ಬಿಸಿಲಲ್ಲಿ, ಒಲೆಯ ಪಕ್ಕದಲ್ಲಿ ಇಡುವುದು ಪಶುಹಿಂಸೆ. ಚರ್ಮವೆಂದರೆ ಕೊಲಾಜೆನ್ ಎಂಬ ಪ್ರೋಟೀನಿನ ನಾರು. ಒಗರಿನಲ್ಲಿ ಹದವಾದ ಒದ್ದೆ ಚರ್ಮ 80 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಮುದುಡಿಹೋಗುತ್ತದೆ, ಕ್ರೋಮಿಯಂ ಚರ್ಮ ಅದಕ್ಕಿಂತ ಹೆಚ್ಚು ತಾಳಿದರೂ ಕಾವಿಗೆ ಒಣಗಿ ಸೆಟೆಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೂಸ್ಟು ಹಿಡಿಯುತ್ತದೆ. ಕೊಟ್ಟಿಗೆಗೆ ಗಾಳಿ ಬೇಕು. ಒಣಗಿದ ಮೇಲೆ, ತಿಂಗಳಿಗೊಮ್ಮೆಯೋ ಚರ್ಮ ಬಿಳಿಚಿದಾಗಲೋ, ಒಂದಿಷ್ಟು ಎಣ್ಣೆ. ಈ ಕೆಲಸಕ್ಕೆ ಬಹುಕಾಲದಿಂದ ಹೆಸರಾದ ಎಣ್ಣೆಯನ್ನು ತೆಗೆಯುವುದು ದನದ ಕಾಲಿನ ಮೂಳೆಗಳಿಂದ ಎಂಬುದನ್ನು ವಿದ್ವಾಂಸರು ಗಮನಿಸಬೇಕು: ಪ್ರಾಣಿಯ ಕಾಲಿನ ಸ್ನೇಹ ಮತ್ತೆ ಕಾಲಿಗೇ ಸಲ್ಲುತ್ತದೆ. ಪ್ರೀತಿ ಹೆಚ್ಚಾಗಿ ಎಣ್ಣೆಯಲ್ಲಿ ಮುಳುಗಿಸಿದರೆ ಚರ್ಮ ಮೆತ್ತಗಾಗಿ ಕಾಲಿಗೆ ಆಸರೆ ಕೊಡದು. ಅತಿಯಾಗಿ ಮೇಯಿಸಿದ ಎತ್ತು ಉಳುವುದಿಲ್ಲ. ಪಾಲಿಷಿನ ಮೇಣ ಮೈಮೇಲಿನ ಸಿಂಗಾರ, ಎಣ್ಣೆ ಹೊಟ್ಟೆಗೆ ಊಟ. ಕೊಂಬಿಗೆ ಬಣ್ಣ ಬಳಿದು ಹುಲ್ಲು ಹಾಕದವರಿಗೆ ಸಂಕ್ರಾಂತಿ ಎಷ್ಟು ದಿನ?

ಈಗ ಆಕ್ಷೇಪಗಳು. ಬೂಟು ಉಸಿರಾಡುವುದಿಲ್ಲವಲ್ಲ ಎನ್ನುವವರು ಅಂಗಡಿಯವರನ್ನೇ ಕೇಳಲಿ; ಚರ್ಮ ‘ಬ್ರೀದ್’ ಆಗುತ್ತೆ ಸಾರ್ ಎಂದು ಅವರು ಆಣೆಯಿಟ್ಟು ಹೇಳುತ್ತಾರೆ. ನಾರುಗಳ ಸಂದಿನಿಂದ ಬೆವರಿನ ಆವಿ ಹೊರಹೋಗುವುದು ನಿಜವೂ ಹೌದು. ರಬ್ಬರಿನ ಗಮ್‌ಬೂಟಿಗೆ ಆ ಶಕ್ತಿಯಿಲ್ಲ; ಅದು ಜಾನುವಾರಲ್ಲ, ಟ್ರ್ಯಾಕ್ಟರು. ಕೊಳಚೆ ನೀರಿನಲ್ಲಿ ಅದೇ ವಾಸಿ ಎಂಬುದನ್ನು ಸಿದ್ಧಾಂತಿ ಒಪ್ಪುತ್ತಾನೆ. ಬೂಟು ಹುಲ್ಲು ತಿನ್ನುವುದಿಲ್ಲ ಎಂಬುದು ಎರಡನೆಯ ಆಕ್ಷೇಪ. ಇದಕ್ಕೆ ಉತ್ತರ ಪುರಾತತ್ತ್ವದಲ್ಲಿದೆ. 2008ರಲ್ಲಿ ಆರ್ಮೇನಿಯಾದ ಅರೇನಿ ಗುಹೆಯಲ್ಲಿ ಸುಮಾರು 5,500 ವರ್ಷ ಹಳೆಯ, ಒಂದೇ ತುಂಡು ದನದ ಚರ್ಮದ, ಲೇಸು ಕಟ್ಟಿದ ಒಂದು ಪಾದರಕ್ಷೆ ಸಿಕ್ಕಿತು. ಅದರ ಹೊಟ್ಟೆಯ ತುಂಬ ಹುಲ್ಲಿತ್ತು. ಕಾಲು ಬೆಚ್ಚಗಿರಲೆಂದೋ ಆಕಾರ ಕೆಡದಿರಲೆಂದೋ ತುಂಬಿರಬೇಕು ಎಂದು ಸಂಶೋಧಕರು ತರ್ಕಿಸಿದ್ದಾರೆ. ದನದ ಹೊಟ್ಟೆಯಲ್ಲಿ ಹುಲ್ಲು ಕಂಡಾಗ ಸಾಮಾನ್ಯ ಜನ ಅಷ್ಟೊಂದು ತಲೆ ಕೆಡಿಸಿಕೊಳ್ಳುವುದಿಲ್ಲ. ಮೂರನೆಯದು ಪ್ರಬಲ ಆಕ್ಷೇಪ: ಬೂಟು ಮರಿ ಹಾಕುವುದಿಲ್ಲ. ಹೌದು. ಬೀಜ ಒಡೆದ ಎತ್ತೂ ಸಂತಾನ ಕೊಡುವುದಿಲ್ಲ. ದುಡಿಮೆಗೆ ಹಚ್ಚಿದ ಮೇಲೆ ಸಂಸಾರ ಎಲ್ಲಿಂದ ಬಂತು?

ಕಡೆಯದಾಗಿ ಒಂದು ಪ್ರಶ್ನೆ ಉಳಿಯುತ್ತದೆ: ಬೂಟು ಜಾನುವಾರಾದರೆ ಅದರ ಡಾಕ್ಟರು ಯಾರು? ಬಸ್ ನಿಲ್ದಾಣದ ಪಕ್ಕ, ಮರದಡಿ, ಒಂದು ಛತ್ರಿ, ಒಂದು ಉಳಿ, ಮೇಣ ಸವರಿದ ದಾರ ಇಟ್ಟುಕೊಂಡು ಕೂತವರು. ಬಾಯಿ ಬಿಟ್ಟದ್ದನ್ನು ಹೊಲಿದು ಮುಚ್ಚುವವರು, ಅಟ್ಟೆ ಕಳಚಿ ಹೊಸ ಜನ್ಮ ಕೊಡುವವರು ಅವರೇ. ಹಸಿ ತೊಗಲನ್ನು ಹದ ಮಾಡಿದವರನ್ನೂ ಅದನ್ನು ಹೊಲಿದವರನ್ನೂ ಊರ ಹೊರಗಿಟ್ಟು, ಅವರು ಮಾಡಿಕೊಟ್ಟ ಮೆಟ್ಟಿನಲ್ಲೇ ಊರೊಳಗೆ ನಡೆದಾಡಿದ ಸಮಾಜ ನಮ್ಮದು. ಬೂಟಾಟಿಕೆಯ ಇನ್ನೊಂದು ನಿಷ್ಪತ್ತಿಯನ್ನು ಇಲ್ಲಿಯೂ ಹುಡುಕಬಹುದು. ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದ ಮಾಡಿ ತಂದ ಚಮ್ಮಾವುಗೆಯನ್ನು ಬಸವಣ್ಣ ಕಾಲಿಗೆ ಮೆಟ್ಟದೆ ತಲೆಯ ಮೇಲಿಟ್ಟುಕೊಂಡನೆಂದು ಶರಣರ ಕಥೆ ಹೇಳುತ್ತದೆ. ಹೊಲಿಯುವ ಕೈ ಮೆಟ್ಟುವ ಕಾಲಿಗಿಂತ ಮೇಲು ಎಂಬುದಕ್ಕೆ ಇದಕ್ಕಿಂತ ದೊಡ್ಡ ಆಪ್ತವಾಕ್ಯ ಬೇಕಿಲ್ಲ. ಆದ್ದರಿಂದ ಈ ಪ್ರಬಂಧದ ಶಿಫಾರಸುಗಳು ಎರಡು. ಮುಂದಿನ ಜಾನುವಾರು ಗಣತಿಯ ನಮೂನೆಯಲ್ಲಿ ಬೂಟಿಗೊಂದು ಕಲಂ ಸೇರಿಸಬೇಕೆಂಬುದು ಸರ್ಕಾರಕ್ಕೆ, ಅದು ಆಗಲಿಕ್ಕಿಲ್ಲ. ಎರಡನೆಯದು ಓದುಗರಿಗೆ, ಅದು ಇವತ್ತೇ ಆಗಬಹುದು: ಹಸುವಿಗೆ ಇಂಜೆಕ್ಷನ್ ಕೊಟ್ಟ ಡಾಕ್ಟರರ ಹತ್ತಿರ ಚೌಕಾಶಿ ಮಾಡದ ನಾವು, ಮರದಡಿಯ ಡಾಕ್ಟರರ ಹತ್ತಿರ ಹತ್ತು ರೂಪಾಯಿಗೆ ಎಳೆದಾಡುವುದನ್ನು ಬಿಟ್ಟು, ಕೇಳಿದಷ್ಟು ಕೊಟ್ಟು ಬರೋಣ.