ಹೊಳೆ ದಾಟಲು ಎನ್‌ಒಸಿ

ಗಂಗಾವತಿಯ ಡಿಗ್ರಿ ಕಾಲೇಜುಗಳು ಬಲು ಓಡಾಟದವು. ಮೊದಲು ಗುಲ್ಬರ್ಗ ವಿಶ್ವವಿದ್ಯಾಲಯದಲ್ಲಿದ್ದವು. 2010ರಲ್ಲಿ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯಕ್ಕೆ ಬಂದವು. 2023ರಲ್ಲಿ ಕೊಪ್ಪಳ ವಿಶ್ವವಿದ್ಯಾಲಯಕ್ಕೆ ಹೋದವು. ಇಷ್ಟು ತಿರುಗಿದರೂ ಒಂದು ಇಟ್ಟಿಗೆ ಅಲುಗಲಿಲ್ಲ. ಬದಲಾದದ್ದು ಗೇಟಿನ ಬೋರ್ಡು, ಗುಮಾಸ್ತರ ಮೇಜಿನ ಸೀಲು.

ಯಾವ ಪ್ರಿನ್ಸಿಪಾಲರೂ ಅರ್ಜಿ ಹಿಡಿದು ಸರದಿಯಲ್ಲಿ ನಿಲ್ಲಲಿಲ್ಲ. ನೋ ಡ್ಯೂಸ್ ಕೇಳಿದವರಿಲ್ಲ. ಜಿಲ್ಲೆಗೆ ಜಿಲ್ಲೆಯೇ ಒಂದು ವಿವಿಯಿಂದ ಇನ್ನೊಂದಕ್ಕೆ ವರ್ಗವಾಯಿತು. ಸರ್ಕಾರ ಮನಸ್ಸು ಮಾಡಿತು, ಮುಗಿಯಿತು.

ಈಗ ಕಡ್ಡಿರಾಂಪುರದ ಹುಡುಗಿಯೊಬ್ಬಳು ಹೊಸಪೇಟೆಯಲ್ಲಿ ಬಿ.ಕಾಂ. ಓದುತ್ತಿದ್ದಾಳೆ ಅನ್ನಿ. ಎರಡು ಸೆಮಿಸ್ಟರ್ ಮುಗಿದಿದೆ. ಗಂಗಾವತಿಗೆ ಮದುವೆಯಾಯಿತು. ಬುಕ್ಕಸಾಗರದ ಸೇತುವೆ ದಾಟಿದರೆ ಕಡೇಬಾಗಿಲು, ಅಲ್ಲಿಂದ ಗಂಗಾವತಿ. ಗಂಡ ಬೈಕಿನಲ್ಲಿ ಕರೆದೊಯ್ದ. ಅತ್ತೆ ಹೊಸ್ತಿಲಲ್ಲಿ ಸೇರಕ್ಕಿ ಇಟ್ಟು ಒಳಗೆ ಕರೆದಳು. ಡಿಗ್ರಿ ಮಾತ್ರ ಈಚೆ ದಡದಲ್ಲೇ ನಿಂತಿದೆ.

ಏಕೆಂದರೆ ಈಚೆ ಬಳ್ಳಾರಿ ವಿವಿ, ಆಚೆ ಕೊಪ್ಪಳ ವಿವಿ. ನಡುವೆ ತುಂಗಭದ್ರೆ ಹರಿಯುತ್ತಾಳೆಂದು ನೀವು ತಿಳಿದಿದ್ದೀರಿ. ಹರಿಯುವುದು ನಿಯಮಾವಳಿ.

ಮೊದಲು ಈಗಿನ ಕಾಲೇಜಿನ ಎನ್‌ಒಸಿ ಬೇಕು. ಅದು ಸಿಗಬೇಕಾದರೆ ಆಚೆಯ ಕಾಲೇಜು ಸೀಟು ಕೊಡುತ್ತೇವೆಂದು ಬರೆದುಕೊಡಬೇಕು. ಆಚೆಯವರು ಬರೆದುಕೊಡಬೇಕಾದರೆ ಈಚೆಯ ಎನ್‌ಒಸಿ ತೋರಿಸಬೇಕು. ಈ ಗಂಟು ಬಿಚ್ಚಿದಿರೋ, ಮುಂದೆ ಟಿಸಿ, ಮೈಗ್ರೇಶನ್, ಎಲಿಜಿಬಿಲಿಟಿ. ಒಂದೊಂದಕ್ಕೂ ಚಲನ್. ಒಂದೊಂದಕ್ಕೂ ಜೆರಾಕ್ಸ್. ಜೆರಾಕ್ಸ್ ನಿಜವೆಂದು ಹೇಳಲು ಗೆಜೆಟೆಡ್ ಅಧಿಕಾರಿಯ ಸಹಿ. ಅಸಲು ಪ್ರತಿ ಅದೇ ಕೌಂಟರಿನ ಮುಂದೆ ಅವಳ ಕೈಯಲ್ಲೇ ಇರುತ್ತದೆ. ಅದನ್ನು ಯಾರೂ ನಂಬುವುದಿಲ್ಲ.

"ಕೇಸ್ ವರ್ಕರ್ ಇಲ್ಲಮ್ಮ, ಸೋಮವಾರ ಬಾ." ಯಾವ ಸೋಮವಾರವೆಂದು ಹೇಳುವ ಪದ್ಧತಿ ಇಲ್ಲ.

ಸೇರಿಸಿಕೊಳ್ಳುವುದು ಸಾಮಾನ್ಯವಾಗಿ ಮೂರನೇ ಇಲ್ಲವೇ ಐದನೇ ಸೆಮಿಸ್ಟರಿನ ಶುರುವಿನಲ್ಲಿ ಮಾತ್ರ. ಎರಡನೇ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡ್ ಬರುವ ಹೊತ್ತಿಗೆ ಅಡ್ಮಿಶನ್ನಿನ ಕೊನೆಯ ದಿನ ಕಳೆದಿರುತ್ತದೆ. ಮಾರ್ಕ್ಸ್ ಕಾರ್ಡ್ ತಡ ಮಾಡಿದವರು ವಿವಿಯವರು. ದಂಡ ಕಟ್ಟುವವಳು ಹುಡುಗಿ.

ಸರ್ಕಾರಕ್ಕೆ ಕರುಣೆ ಇಲ್ಲ ಎನ್ನಬೇಡಿ. ಶಕ್ತಿ ಯೋಜನೆ ಇದೆ. ಕಾಗದಕ್ಕಾಗಿ ಬಳ್ಳಾರಿಗೂ, ಕೊಪ್ಪಳ ವಿವಿ ಕೂತಿರುವ ತಳಕಲ್ಲಿಗೂ ಅವಳು ಎಷ್ಟು ಸಲ ಬೇಕಾದರೂ ಬಸ್ಸಿನಲ್ಲಿ ಪುಕ್ಕಟೆ ಅಲೆಯಬಹುದು.

ಇಷ್ಟು ಕಾಗದ ಯಾಕೆ? ರಾಜ್ಯದ ವಿವಿಗಳಿಗೆಲ್ಲ ಒಂದೇ ತಂತ್ರಾಂಶ ಮಾಡಿದ್ದಾರೆ, ಯುಯುಸಿಎಂಎಸ್ ಅಂತ. ಅಡ್ಮಿಶನ್ ಅದರಲ್ಲಿ, ಪರೀಕ್ಷೆ ಅದರಲ್ಲಿ, ಫಲಿತಾಂಶ ಅದರಲ್ಲಿ. ಅವಳ ಅಂಕ ಬಳ್ಳಾರಿಯವರಿಗೆ ಕಾಣುವ ಅದೇ ಗಣಕದಲ್ಲಿದೆ. ಆದರೂ ಕೊಪ್ಪಳದವರಿಗೆ ಅವಳೇ ಹೊತ್ತು ತಂದು ತೋರಿಸಬೇಕು.

ಇದರ ಮೇಲೆ ಕ್ರೆಡಿಟ್ ಬ್ಯಾಂಕು. 2021ರ ಜುಲೈನಲ್ಲಿ ಪ್ರಧಾನಿಯವರೇ ಉದ್ಘಾಟಿಸಿದರು. ಗಳಿಸಿದ ಕ್ರೆಡಿಟ್ಟನ್ನು ದೇಶದ ಯಾವ ಮೂಲೆಗಾದರೂ ಒಯ್ಯಬಹುದಂತೆ. ಏಳು ವರ್ಷ ಕೆಡುವುದಿಲ್ಲವಂತೆ. ನಮ್ಮಜ್ಜಿಯ ಉಪ್ಪಿನಕಾಯಿಗೂ ಇಷ್ಟು ಬಾಳಿಕೆ ಇರಲಿಲ್ಲ. ಕಾಶ್ಮೀರಕ್ಕೂ ಕನ್ಯಾಕುಮಾರಿಗೂ ಹೋಗುವ ಈ ಕ್ರೆಡಿಟ್ಟಿಗೆ ಗಂಗಾವತಿಯ ಇನ್ನೊಂದು ದಾರಿಯಾದ ಕಂಪ್ಲಿಯ ಸೇತುವೆ ದಾಟುವುದೊಂದೇ ಆಗದ ಕೆಲಸ. ಡ್ಯಾಮಿನಿಂದ ನೀರು ಬಿಟ್ಟಾಗ ಆ ಸೇತುವೆ ಮುಳುಗುತ್ತದೆ, ನಿಜ. ಆದರೆ ನೀರು ಇಳಿಯುತ್ತದೆ.

ಸಿಲೆಬಸ್ ಬೇರೆ ಎನ್ನುತ್ತಾರೆ. ಎನ್‌ಇಪಿ ಬಂದಾಗ ಉನ್ನತ ಶಿಕ್ಷಣ ಪರಿಷತ್ತು ರಾಜ್ಯಕ್ಕೆಲ್ಲ ಮಾದರಿ ಪಠ್ಯಕ್ರಮ ಮಾಡಿ ಹಂಚಿತ್ತು. ದೇಶಕ್ಕೇ ಮೊದಲು ಎಂದು ಬೀಗಿ 2021ರಲ್ಲಿ ನಾಲ್ಕು ವರ್ಷದ ಡಿಗ್ರಿ ತಂದೆವು. 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಇಳಿದೆವು. ಡಿಗ್ರಿಯ ಉದ್ದವನ್ನೇ ಹೀಗೆ ಹಿಗ್ಗಿಸಿ ಕುಗ್ಗಿಸಿದವರಿಗೆ, ಒಂದು ಪೇಪರಿನ ಹೆಸರು ಬೇರೆ ಕಂಡರೆ ಎದೆ ಝಲ್ಲೆನ್ನುತ್ತದೆ. ಸಮಾನತೆ ಪರಿಶೀಲಿಸಲು ಕಮಿಟಿ ಕೂರಬೇಕು. ಡೆಬಿಟ್ಟು, ಕ್ರೆಡಿಟ್ಟು ಹೊಳೆಯಾಚೆ ಅದಲುಬದಲಾಗುತ್ತವೇನೋ.

ಸಂವಿಧಾನದ 371ಜೆ ಪ್ರಕಾರ ಎರಡೂ ದಡ ಒಂದೇ ಕಲ್ಯಾಣ ಕರ್ನಾಟಕ. ಸಂವಿಧಾನ ಒಪ್ಪಿದ್ದನ್ನು ಸೆಕ್ಷನ್ ಆಫೀಸರ್ ಒಪ್ಪಬೇಕಲ್ಲ.

ಈ ಸೀಮೆಯಲ್ಲಿ ಯಾವುದೂ ಜಾಗ ಬಿಟ್ಟು ಕದಲುವುದಿಲ್ಲ ಎಂದಲ್ಲ. ಆನಂದ್ ಸಿಂಗ್ 2018ರ ಮೇನಲ್ಲಿ ಹೊಸಪೇಟೆಯಿಂದ ಕಾಂಗ್ರೆಸ್ ಟಿಕೆಟ್ಟಿನಲ್ಲಿ ಗೆದ್ದರು. 2019ರ ಜುಲೈನಲ್ಲಿ ರಾಜೀನಾಮೆ ಕೊಟ್ಟರು. ಡಿಸೆಂಬರಿನಲ್ಲಿ ಬಿಜೆಪಿ ಟಿಕೆಟ್ಟಿನಲ್ಲಿ ಗೆದ್ದರು. ಫೆಬ್ರವರಿಯಲ್ಲಿ ಮಂತ್ರಿಯಾದರು. ಸಿಲೆಬಸ್ ಹೊಂದುತ್ತದೆಯೇ ಎಂದು ಯಾವ ಕಮಿಟಿಯೂ ಕೂರಲಿಲ್ಲ. ಹಿಂದಿನ ಸೆಮಿಸ್ಟರಿನ ಬಾಕಿ ಪೇಪರು ಕೇಳಿದವರಿಲ್ಲ.

ಸಂಡೂರಿನ ಅದಿರಂತೂ ಇನ್ನೂ ಜಾಣ. ಪರ್ಮಿಟ್ ಇಲ್ಲದೆ ಲಾರಿ ಹತ್ತಿ, ಘಟ್ಟ ಇಳಿದು, ಬೇಲೇಕೇರಿ ಬಂದರಿಗೆ ಹೋಯಿತು. ಅಲ್ಲಿ ಜಪ್ತಿ ಮಾಡಿ ಇಟ್ಟರೆ ಅಲ್ಲಿಂದಲೂ ಮಾಯವಾಯಿತು. ದಾರಿಯುದ್ದಕ್ಕೂ ಚೆಕ್‌ಪೋಸ್ಟುಗಳಿದ್ದವು. ಮೈಗ್ರೇಶನ್ ಸರ್ಟಿಫಿಕೇಟ್ ಎಲ್ಲಿ ಎಂದು ಒಬ್ಬನೂ ಕೇಳಲಿಲ್ಲ. ಕೇಳಿದ್ದರೆ 2011ರಲ್ಲಿ ಲೋಕಾಯುಕ್ತರು ಅಷ್ಟು ದಪ್ಪದ ವರದಿ ಬರೆಯಬೇಕಿರಲಿಲ್ಲ.

ಹೋಗಲಿ, ಕಡ್ಡಿರಾಂಪುರದ ಹತ್ತಿರದಲ್ಲೇ ವಿಶ್ವವಿದ್ಯಾಲಯವಿದೆಯಲ್ಲ ಎನ್ನುತ್ತೀರಿ. ಇದೆ. 1991ರಿಂದಲೂ ಇದೆ. ಕನ್ನಡ ವಿಶ್ವವಿದ್ಯಾಲಯ ಇರುವುದು ಸಂಶೋಧನೆಗೆ. ಬಿ.ಕಾಂ. ಹುಡುಗಿ ಅದನ್ನು ನೋಡಿಕೊಂಡು ಬಳ್ಳಾರಿ ಬಸ್ಸು ಹತ್ತಬೇಕು.

ಇನ್ನೊಂದು ತಮಾಷೆ ಉಳಿದಿದೆ. 2023ರಲ್ಲಿ ಏಳು ಜಿಲ್ಲೆಗಳಿಗೆ ಏಳು ಹೊಸ ವಿವಿ ಕೊಟ್ಟರು. ಟೇಪು ಕತ್ತರಿಸಿದರು. ಎರಡು ವರ್ಷವೂ ತುಂಬಿರಲಿಲ್ಲ, 2025ರ ಫೆಬ್ರವರಿಯಲ್ಲಿ ಸಂಪುಟದ ಉಪಸಮಿತಿ ಇವುಗಳಲ್ಲಿ ಹಲವು ಸೇರಿ ಒಂಬತ್ತು ವಿವಿಗಳನ್ನು ಮುಚ್ಚಬಹುದು ಎಂದಿತು. ದುಡ್ಡಿಲ್ಲವಂತೆ. ಪಟ್ಟಿಯಲ್ಲಿ ಕೊಪ್ಪಳವೂ ಇತ್ತು. ಮುಚ್ಚಿದರೆ ಅಲ್ಲಿನ ಕಾಲೇಜುಗಳು ಬಂದ ದಾರಿಯಲ್ಲೇ ಬಳ್ಳಾರಿಗೆ ವಾಪಸ್.

ಅಂದರೆ ಹುಡುಗಿ ವರ್ಷ ಕಳೆದು, ಚಪ್ಪಲಿ ಸವೆಸಿ, ಹತ್ತಾರು ಸಹಿ ಮಾಡಿಸಿ ಹೊಳೆ ದಾಟುತ್ತಾಳೆ. ಕೊಪ್ಪಳ ವಿವಿಯ ಐಡಿ ಕಾರ್ಡು ಕೊರಳಿಗೆ ಬೀಳುತ್ತದೆ. ಅಷ್ಟರಲ್ಲಿ ಬೆಂಗಳೂರಿನಲ್ಲಿ ಯಾರೋ ಸಹಿ ಹಾಕುತ್ತಾರೆ. ಅವಳು ಮತ್ತೆ ಬಳ್ಳಾರಿ ವಿವಿಯ ವಿದ್ಯಾರ್ಥಿನಿ. ಆಗ ಎನ್‌ಒಸಿ ಬೇಡ, ಕಮಿಟಿ ಬೇಡ, ಸಿಲೆಬಸ್ ತಾನಾಗಿ ಹೊಂದಿಕೊಳ್ಳುತ್ತದೆ. ಮೈಗ್ರೇಶನ್‌ಗೆ ಕಟ್ಟಿದ ಶುಲ್ಕ ವಾಪಸ್ ಕೇಳಿದರೆ, ಅದಕ್ಕೆ ಬೇರೆ ಅರ್ಜಿ.