ಮೂರು ತಿಂಗಳ ಶುಗರಿನ ಶುಲ್ಕಮೀಮಾಂಸೆ

ವಿಷಯ, ಸಂಶಯ, ಪೂರ್ವಪಕ್ಷ, ಉತ್ತರಪಕ್ಷ, ನಿರ್ಣಯಗಳೆಂಬ ಐದು ಅಂಗಗಳಿಲ್ಲದೆ ಯಾವ ವಿಚಾರವೂ ಅಧಿಕರಣವೆನಿಸದೆಂದು ಮೀಮಾಂಸಕರು ವಿಧಿಸಿರುವರಾದ ಕಾರಣ, ಯಜ್ಞಯಾಗಗಳಿಗೆ ಸಂದ ಆ ಕ್ರಮವನ್ನೇ ನಾವು ಸಿಂಧನೂರು ತಾಲ್ಲೂಕಿನ ತುರ್ವಿಹಾಳದ ಮಧುಮೇಹಿಗಳ ಹಿತಾರ್ಥವಾಗಿ ಅನುಸರಿಸುವೆವು.

ವಿಷಯವಾದರೋ, ವೈದ್ಯರ ಚೀಟಿಯಲ್ಲಿ ಎಚ್‌ಬಿಎ1ಸಿ ಎಂದೂ ಜನರ ಬಾಯಲ್ಲಿ ‘ಮೂರು ತಿಂಗಳ ಶುಗರ್’ ಎಂದೂ ಪ್ರಸಿದ್ಧವಾದ ರಕ್ತಪರೀಕ್ಷೆ. ಕೆಂಪು ರಕ್ತಕಣವು ಸುಮಾರು 120 ದಿನ ಬಾಳುವುದರಿಂದಲೂ, ಬಾಳಿದಷ್ಟು ಕಾಲವೂ ಅದರೊಳಗಿನ ಹಿಮೋಗ್ಲೋಬಿನ್ನಿಗೆ ಸಕ್ಕರೆ ಅಂಟುತ್ತಲೇ ಹೋಗುವುದರಿಂದಲೂ, ಎರಡು ತಿಂಗಳು ಮದುವೆಮನೆಗಳಲ್ಲಿ ಹೋಳಿಗೆಯುಂಡು ಪರೀಕ್ಷೆಯ ಮುನ್ನಾದಿನ ಮಾತ್ರ ನಿರಾಹಾರಿಯಾಗುವ ರೋಗಿಯ ಚಾತುರ್ಯ ಇಲ್ಲಿ ಸಾಗದು. ಫಲವು ಶೇಕಡಾ 5.7ಕ್ಕಿಂತ ಕಡಿಮೆಯಿದ್ದರೆ ಅಭಯ; 6.5 ಮುಟ್ಟಿದರೆ ಮಧುಮೇಹ; ನಡುವಿನದು ತ್ರಿಶಂಕುಪದವಿ.

ಸಂಶಯವೇನೆಂದರೆ, ರಕ್ತವೊಂದೇ, ಪರೀಕ್ಷೆಯೊಂದೇ ಆಗಿರಲು, ಶುಲ್ಕ ಮಾತ್ರ ಬಾಗಿಲಿಗೊಂದು ಬಗೆಯಾಗುವುದೇಕೆ?

ಇಲ್ಲಿ ಪೂರ್ವಪಕ್ಷಿಯು ಯಂತ್ರಭೇದದಿಂದ ಶುಲ್ಕಭೇದವೆನ್ನುವನು: ಬೆರಳು ಚುಚ್ಚಿ ಕೆಲವೇ ನಿಮಿಷಗಳಲ್ಲಿ ಅಂಕಿ ಹೇಳುವ ಪುಟ್ಟ ಪೆಟ್ಟಿಗೆಯನ್ನೂ ಎಚ್‌ಪಿಎಲ್‌ಸಿ ಎಂಬ ಘನಯಂತ್ರವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಅಹುದು, ಇದು ಗ್ರಾಹ್ಯ, ಆದರೆ ಸಾಲದು.

ಅದೆಂತೆಂದರೆ, ಊರಿನ ಲ್ಯಾಬಿನ ಹುಡುಗನು ನೇರಳೆ ಮುಚ್ಚಳದ ಕೊಳವೆಗೆ ರಕ್ತ ತುಂಬಿ, ಹೆಸರು ಬರೆದು, ಥರ್ಮಾಕೋಲ್ ಡಬ್ಬಿಯಲ್ಲಿಟ್ಟು ದೊಡ್ಡ ಊರಿಗೆ ಕಳುಹಿಸುವನು. ಅಲ್ಲಿ ಗಾಜಿನ ಬಾಗಿಲಿನ ಆಸ್ಪತ್ರೆಯಿಂದ ಬಂದ ಇನ್ನೊಂದು ಕೊಳವೆಯೊಡನೆ ಅದು ಅದೇ ಯಂತ್ರದಲ್ಲಿ ಸಮಪಂಕ್ತಿಯಲ್ಲಿ ಕೂರಬಹುದು. ಯಂತ್ರವು ಪಂಕ್ತಿಭೇದವನ್ನರಿಯದು. ಆದುದರಿಂದ ಶೇಷ ವ್ಯತ್ಯಾಸಕ್ಕೆ ಸೋಫಾ, ಏಸಿ, ಕಮಿಷನ್ ಎಂಬ ತ್ರಿದೋಷಗಳೇ ಕಾರಣವೆಂದು ಉತ್ತರಪಕ್ಷ.

ಅಗ್ಗದ ದರವನ್ನರಸಿ ಸಿಂಧನೂರಿಗೆ ಹೋದವನು ಉಳಿಸಿದ ಹಣವನ್ನು ಬಸ್ ಚಾರ್ಜಿಗೂ ಒಗ್ಗರಣಿ-ಮಿರ್ಚಿಗೂ ತೆತ್ತು, ಒಂದು ದಿನದ ಕೂಲಿಯನ್ನೂ ಕಳೆದುಕೊಳ್ಳುವನಲ್ಲವೇ ಎಂದರೆ, ನಿಜ. ಆದರೆ 2023ರ ಜೂನ್ ತಿಂಗಳಲ್ಲಿ ಸ್ತ್ರೀಯರಿಗೆ ಸರ್ಕಾರಿ ಬಸ್ಸನ್ನು ಉಚಿತಗೊಳಿಸಿದ ಶಕ್ತಿ ಯೋಜನೆ ಜಾರಿಯಾದಂದಿನಿಂದ ಸ್ತ್ರೀಯರ ವಿಷಯದಲ್ಲಿ ಈ ಆಕ್ಷೇಪದ ಮೊದಲನೆಯ ಭಾಗ ನಿಲ್ಲದು.

ಇನ್ನು ಶುಲ್ಕದ ಗೋಪ್ಯತೆಗೆ ದೃಷ್ಟಾಂತಗಳು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಪಾತಾಳದಿಂದ ತೆಗೆಯುವ ಚಿನ್ನದ ಅಂದಂದಿನ ದರವನ್ನು ಈ ಸೀಮೆಯ ಕೂಸೂ ಬಲ್ಲದು. ತನ್ನ ತೋಳಿನಿಂದ ತೆಗೆಯುವ ರಕ್ತದ ಪರೀಕ್ಷೆಗೆ ದರವೆಷ್ಟೆಂದು ಬಿಲ್ಲು ಕೈಸೇರುವವರೆಗೆ ಯಜಮಾನನೂ ಅರಿಯನು. 1915ರಲ್ಲಿ ಮಸ್ಕಿಯಲ್ಲಿ ಬೆಳಕಿಗೆ ಬಂದ ಬಂಡೆಶಾಸನದಲ್ಲಿ ಅಶೋಕನ ಹೆಸರು ಎರಡು ಸಾವಿರ ವರ್ಷ ದಾಟಿಯೂ ಓದುವಂತಿದೆ. ಶುಲ್ಕಪಟ್ಟಿಯನ್ನು ಪ್ರಕಟಿಸತಕ್ಕದ್ದೆಂದು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007 ಆಜ್ಞಾಪಿಸಿದ್ದರೂ, ಆ ಪಟ್ಟಿಯು ಎಷ್ಟೋ ಕಡೆ ಕ್ಯಾಲೆಂಡರಿನ ಹಿಂದೆ ಅಜ್ಞಾತವಾಸದಲ್ಲಿರುವುದು. ಸಾಮ್ರಾಟನು ಬಂಡೆಯನ್ನು ಆರಿಸಿಕೊಂಡುದರ ದೂರದೃಷ್ಟಿ ಇದರಿಂದ ವಿದಿತವಾಗುವುದು.

ನಿರ್ಣಯ: ಸರ್ಕಾರಿ ದವಾಖಾನೆಯಲ್ಲಿ ಈ ಪರೀಕ್ಷೆಯುಂಟೇ ಎಂದು ಮೊದಲು ವಿಚಾರಿಸತಕ್ಕದ್ದು. ಇಲ್ಲವಾದರೆ, ತೋಳು ಚಾಚುವ ಮುನ್ನವೇ ದರವನ್ನೂ ಯಂತ್ರದ ಬಗೆಯನ್ನೂ ಕೇಳತಕ್ಕದ್ದು. ರಕ್ತಹೀನತೆಯಿದ್ದರೆ ಅಂಕಿ ದಾರಿ ತಪ್ಪಿಸಬಹುದಾದ್ದರಿಂದ ವೈದ್ಯರಿಗೆ ತಿಳಿಸತಕ್ಕದ್ದು. ಹಿಂದಿನ ಫಲಕ್ಕೂ ಇಂದಿನ ಫಲಕ್ಕೂ ತಾಳೆ ನೋಡಬೇಕಾದವರು ಐವತ್ತು ರೂಪಾಯಿಯ ಆಸೆಗೆ ಪ್ರತಿಸಲವೂ ಲ್ಯಾಬು ಬದಲಿಸದಿರುವುದೇ ಲೇಸು. ರಸೀದಿಯನ್ನು ಮಾತ್ರ ಎಲ್ಲರೂ ಕೇಳಿ ಪಡೆಯತಕ್ಕದ್ದು.